ಡಿಸ್ಕ್ ಇಲ್ಲಿದೆ ಸರಿ, ಕೀಲಿ ಎಲ್ಲಿದೆ?

ಆಡಿಟ್‌ಗೆ ಮುಂಚೆ ನಾನು ಕಂಪನಿಗಳಿಗೆ ಕಳಿಸುವ ಪ್ರಶ್ನಾವಳಿಯಲ್ಲಿ ಒಂದು ಸಾಲಿದೆ: ‘ಗ್ರಾಹಕರ ವೈಯಕ್ತಿಕ ದತ್ತಾಂಶವನ್ನು ಯಾರು ಯಾರು, ಎಲ್ಲೆಲ್ಲಿಂದ ತೆರೆದು ನೋಡಬಲ್ಲರು?’ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ನಮ್ಮ ಸರ್ವರ್‌ಗಳೆಲ್ಲ ದೇಶದೊಳಗೇ ಇವೆ.’ ಕೇಳಿದ್ದೊಂದು, ಹೇಳಿದ್ದೊಂದು. ಜೊತೆಗೊಂದು ಸ್ಕ್ರೀನ್‌ಶಾಟ್, ಸರ್ವರ್ ಇರುವ ಜಾಗವನ್ನು ಸೂಚಿಸುವ ‘ರೀಜನ್’ ಎಂಬಲ್ಲಿ ಸ್ವದೇಶದ ನಗರದ ಹೆಸರು, ಅದರ ಸುತ್ತ ಕೆಂಪು ಚೌಕ. ಆ ಕೆಂಪು ಚೌಕ ಕಂಡರೆ ಈಗೀಗ ನನ್ನ ತಾಳ್ಮೆ ತಪ್ಪುತ್ತದೆ.

ಸ್ಥಳದ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಪಾವತಿ ವ್ಯವಸ್ಥೆಯ ಸಂಪೂರ್ಣ ದತ್ತಾಂಶ ಭಾರತದಲ್ಲಿ ಮಾತ್ರ ಸಂಗ್ರಹವಾಗಬೇಕು ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಸುತ್ತೋಲೆ ಹೊರಡಿಸಿತು. 2021ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್, ಡೈನರ್ಸ್ ಕ್ಲಬ್, ಮಾಸ್ಟರ್‌ಕಾರ್ಡ್ ಸಂಸ್ಥೆಗಳು ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆದದ್ದೂ ಇದೇ ಸುತ್ತೋಲೆಯ ಉಲ್ಲಂಘನೆಗಾಗಿ. ಆ ಸುದ್ದಿ ಓದಿದವರೆಲ್ಲ ಎಲ್ಲ ದತ್ತಾಂಶಕ್ಕೂ ಇದೇ ನಿಯಮ ಎಂದುಕೊಂಡುಬಿಟ್ಟರು. ಹಾಗೇನಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದಾರಿಯೇ ಬೇರೆ: ಸರ್ಕಾರ ಅಧಿಸೂಚನೆಯ ಮೂಲಕ ನಿರ್ಬಂಧಿಸಿದ ದೇಶಗಳನ್ನು ಬಿಟ್ಟು ಉಳಿದೆಡೆಗೆ ದತ್ತಾಂಶ ಹೋಗಬಹುದು, ಇದಕ್ಕಿಂತ ಬಿಗಿಯಾದ ಬೇರೆ ನಿಯಮವಿದ್ದರೆ ಅದೂ ಊರ್ಜಿತದಲ್ಲಿರುತ್ತದೆ. ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ಕೂಡ ‘ಇಲ್ಲೇ ಇಡಿ’ ಎನ್ನುವುದಿಲ್ಲ. ಹೊರಗೆ ಹೋದರೂ ರಕ್ಷಣೆಯ ಮಟ್ಟ ಕುಸಿಯಬಾರದು ಎನ್ನುತ್ತದೆ, ಅಷ್ಟೇ. ಹಾಗಾಗಿ ಯಾವ ದತ್ತಾಂಶ, ಯಾವ ಕಾನೂನು ಎಂದು ಮೊದಲು ವಿಂಗಡಿಸದೆ ರೀಜನ್ ಆರಿಸುವುದು ಹಿಂದುಮುಂದಾದ ಕೆಲಸ.

ಈಗ ನಾನು ಮತ್ತೆ ಮತ್ತೆ ಹೇಳಿ ಗಂಟಲು ಒಣಗಿಸಿಕೊಳ್ಳುವ ಮಾತಿಗೆ ಬರೋಣ. ಡಿಸ್ಕ್ ಯಾವ ಊರಿನಲ್ಲಿದೆ ಎಂಬುದು ಒಂದು ಸಂಗತಿ. ಅದರೊಳಗಿನ ದತ್ತಾಂಶವನ್ನು ಯಾವ ಯಾವ ದೇಶದ ಕಾನೂನು ಕೇಳಿ ಪಡೆಯಬಹುದು ಎಂಬುದು ಇನ್ನೊಂದು. ಮೊದಲನೆಯದು ನೆಟ್ಟಗಿದ್ದ ಮಾತ್ರಕ್ಕೆ ಎರಡನೆಯದು ನೆಟ್ಟಗಾಗುವುದಿಲ್ಲ.

2013ರಲ್ಲಿ ಅಮೆರಿಕದ ತನಿಖಾಧಿಕಾರಿಗಳು ಒಬ್ಬ ಬಳಕೆದಾರರ ಇಮೇಲ್‌ಗಳಿಗಾಗಿ ಮೈಕ್ರೋಸಾಫ್ಟ್‌ಗೆ ವಾರಂಟ್ ಕೊಟ್ಟರು. ಆ ಇಮೇಲ್‌ಗಳಿದ್ದದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಕಂಪನಿ ಕೊಡಲೊಪ್ಪದೆ ನ್ಯಾಯಾಲಯಕ್ಕೆ ಹೋಯಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು ಕೂಡ. ಪ್ರಕರಣ ಸುಪ್ರೀಂ ಕೋರ್ಟಿನಲ್ಲಿರುವಾಗಲೇ, 2018ರ ಮಾರ್ಚ್‌ನಲ್ಲಿ, ಕ್ಲೌಡ್ ಆಕ್ಟ್ ಎಂಬ ಅಮೆರಿಕದ ಕಾಯ್ದೆ ಬಂತು. ಅಮೆರಿಕದ ಕಾನೂನು ವ್ಯಾಪ್ತಿಗೆ ಬರುವ ಸೇವಾದಾರ ಕಂಪನಿ, ದತ್ತಾಂಶ ತನ್ನ ಸ್ವಾಧೀನದಲ್ಲೋ ನಿಯಂತ್ರಣದಲ್ಲೋ ಇದ್ದರೆ, ಅದು ದೇಶದ ಒಳಗಿರಲಿ ಹೊರಗಿರಲಿ, ಸಕ್ರಮ ಆದೇಶಕ್ಕೆ ಒಪ್ಪಿಸಬೇಕು ಎಂದಾಯಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್, ಇನ್ನು ತೀರ್ಮಾನಿಸಲು ಏನೂ ಉಳಿದಿಲ್ಲ ಎಂದು ಪ್ರಕರಣವನ್ನು ಮುಗಿಸಿತು.

ಇದನ್ನು ಹೇಳಿದ ಕೂಡಲೇ ಕೆಲವರು ಇನ್ನೊಂದು ತುದಿಗೆ ಜಿಗಿಯುತ್ತಾರೆ: ‘ಹಾಗಾದರೆ ಅವರು ದಿನಾ ನಮ್ಮ ಫೈಲ್ ಓದುತ್ತಾರೆಯೇ?’ ಇಲ್ಲ ಸ್ವಾಮಿ. ಅದಕ್ಕೆ ಕಾನೂನಿನ ಪ್ರಕ್ರಿಯೆ ಬೇಕು, ಕೆಲವು ಸಂದರ್ಭಗಳಲ್ಲಿ ಕಂಪನಿ ಆಕ್ಷೇಪ ಸಲ್ಲಿಸಲೂಬಹುದು. ನಿಮ್ಮ ದತ್ತಾಂಶದ ಸ್ವರೂಪ ನೋಡದೆ ಅಪಾಯ ಹೆಚ್ಚೋ ಕಡಿಮೆಯೋ ಎಂದು ನಾನು ಹೇಳಲಾರೆ. ಆದರೆ ‘ಸಾಧ್ಯವೇ ಇಲ್ಲ’ ಎಂದು ನಿಮ್ಮ ಆಡಳಿತ ಮಂಡಳಿಗೆ ಬರೆದುಕೊಡಬೇಡಿ. 2025ರ ಜೂನ್‌ನಲ್ಲಿ ಫ್ರಾನ್ಸಿನ ಸೆನೆಟ್ ಸಮಿತಿಯೊಂದು, ಫ್ರೆಂಚ್ ಅಧಿಕಾರಿಗಳ ಒಪ್ಪಿಗೆಯಿಲ್ಲದೆ ಫ್ರೆಂಚ್ ನಾಗರಿಕರ ದತ್ತಾಂಶ ಅಮೆರಿಕ ಸರ್ಕಾರಕ್ಕೆ ಹೋಗುವುದಿಲ್ಲ ಎಂದು ಖಾತರಿ ಕೊಡಬಲ್ಲಿರಾ ಎಂದು ಮೈಕ್ರೋಸಾಫ್ಟ್ ಫ್ರಾನ್ಸ್‌ನ ಕಾನೂನು ಅಧಿಕಾರಿಯನ್ನು ಪ್ರಮಾಣ ಮಾಡಿಸಿ ಕೇಳಿತು. ಖಾತರಿ ಕೊಡಲಾರೆ, ಆದರೆ ಇದುವರೆಗೆ ಹಾಗಾಗಿಲ್ಲ ಎಂದರು ಅವರು. ಪ್ರಾಮಾಣಿಕ ಉತ್ತರ. ಅಂಥ ಉತ್ತರವನ್ನು ನನ್ನ ಪ್ರಶ್ನಾವಳಿಯಲ್ಲಿ ಕಂಡರೆ ಆ ಸಂಸ್ಥೆಯ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ನ್ಯಾಯಾಲಯದ ಆದೇಶ ಅಪರೂಪ. ನೋಡುವ ಕಣ್ಣುಗಳ ವಿಷಯ ನಿತ್ಯದ್ದು. ಬೇರೆ ದೇಶದಲ್ಲಿರುವ ಸೇವಾದಾರ ಕಂಪನಿಯ ಅಥವಾ ಸೋದರ ಕಂಪನಿಯ ನೌಕರ ಲಾಗಿನ್ ಆಗಿ ಪರದೆಯ ಮೇಲೆ ದಾಖಲೆ ನೋಡಿದರೆ, ಒಂದು ಬೈಟ್ ಕೂಡ ಅಲ್ಲಿ ಉಳಿಯದಿದ್ದರೂ, ಯುರೋಪಿನ ನಿಯಂತ್ರಕರ ಲೆಕ್ಕದಲ್ಲಿ ಅದು ದತ್ತಾಂಶ ವರ್ಗಾವಣೆಯೇ. 2025ರ ಮೇ ತಿಂಗಳಲ್ಲಿ ಐರ್ಲೆಂಡಿನ ದತ್ತಾಂಶ ಸಂರಕ್ಷಣಾ ಆಯೋಗ ಟಿಕ್‌ಟಾಕ್‌ಗೆ 53 ಕೋಟಿ ಯೂರೋ ದಂಡ ಹಾಕಿದ ಪ್ರಕರಣದ ತಿರುಳು ಇದೇ: ಚೀನಾದಲ್ಲಿದ್ದ ಸಿಬ್ಬಂದಿ ಯುರೋಪಿನ ಬಳಕೆದಾರರ ದತ್ತಾಂಶವನ್ನು ದೂರದಿಂದ ತೆರೆಯುತ್ತಿದ್ದರು. ಚೀನಾದ ಸರ್ವರ್‌ಗಳಲ್ಲಿ ಏನನ್ನೂ ಇಟ್ಟಿಲ್ಲ ಎಂದು ಕಂಪನಿ ವಿಚಾರಣೆಯುದ್ದಕ್ಕೂ ಹೇಳುತ್ತಿತ್ತು. ಸ್ವಲ್ಪ ಇಟ್ಟಿದ್ದೆವು ಎಂದು ಕೊನೆಯ ಹಂತದಲ್ಲಿ ತಾನೇ ತಿಳಿಸಬೇಕಾಯಿತು.

ಇದೆಲ್ಲ ದೊಡ್ಡವರ ಪಾಡು ಎನ್ನುವವರಿಗೆ ಒಂದು ಸಣ್ಣ ಕತೆ. ಆರೋಗ್ಯ ಸೇವೆಯ ಆ್ಯಪ್ ನಡೆಸುವ ಪುಟ್ಟ ತಂಡ. ಡೇಟಾಬೇಸ್, ಬ್ಯಾಕಪ್ ಎರಡೂ ಸ್ವದೇಶದಲ್ಲಿ, ಕಾಗದಪತ್ರ ಒಪ್ಪ. ‘ದೋಷಗಳ ವರದಿ ಎಲ್ಲಿ ನೋಡುತ್ತೀರಿ?’ ಎಂದು ಕೇಳಿದೆ. ಹುಡುಗಿಯೊಬ್ಬಳು ಉತ್ಸಾಹದಿಂದ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಹಿಂದಿನ ರಾತ್ರಿಯ ದೋಷವೊಂದರ ವಿವರ: ಯಾವ ಫೈಲ್, ಯಾವ ಸಾಲು, ಅದರ ಕೆಳಗೆ ಆ ಕ್ಷಣದಲ್ಲಿ ಸರ್ವರ್‌ಗೆ ಬಂದಿದ್ದ ಇಡೀ ಫಾರ್ಮ್. ರೋಗಿಯ ಹೆಸರು, ಮೊಬೈಲ್ ಸಂಖ್ಯೆ, ವೈದ್ಯರು ಬರೆದ ಔಷಧ. ಆ ವರದಿ ಸೇವೆಯ ಸರ್ವರ್ ಇದ್ದದ್ದು ಇನ್ನೊಂದು ಖಂಡದಲ್ಲಿ. ಯಾರೂ ಬೇಕೆಂದು ಕಳಿಸಿದ್ದಲ್ಲ. ಎಲ್ಲವನ್ನೂ ಕಳಿಸುವುದೇ ಅವರ ಸೆಟ್ಟಿಂಗ್ ಆಗಿತ್ತು. ಓದುತ್ತಾ ಓದುತ್ತಾ ಅವಳ ಮುಖ ಬಾಡಿತು. ಸಂಜೆಯೊಳಗೆ ಆ ಅಂಕಣಗಳನ್ನು ಮರೆಮಾಚುವ ಕೋಡ್ ಬರೆದು, ಹಳೆಯ ವರದಿಗಳನ್ನು ಅಳಿಸಲು ಸೇವಾದಾರರಿಗೆ ಪತ್ರವನ್ನೂ ಹಾಕಿದ್ದಳು. ನೀತಿ ದಾಖಲೆ ಬರೆಯುವವರಿಗಿಂತ ಇಂಥವರ ಜೊತೆ ಕೆಲಸ ಮಾಡುವುದು ನನಗೆ ಯಾವತ್ತೂ ಇಷ್ಟ. ಸರ್ವರ್ ತಾನೇ ಬರೆದಿಡುವ ದಿನಚರಿಯಂಥ ಲಾಗ್, ಸಹಾಯವಾಣಿಯ ಟಿಕೆಟ್‌ಗೆ ಲಗತ್ತಿಸಿದ ಡೇಟಾಬೇಸ್ ಪ್ರತಿ, ಪರೀಕ್ಷೆಗೆಂದು ನಕಲು ಮಾಡಿ ಮರೆತ ಅಸಲಿ ದತ್ತಾಂಶ: ಸೋರಿಕೆ ಇರುವುದು ಬಹುಪಾಲು ಇಲ್ಲೇ.

‘ಎನ್‌ಕ್ರಿಪ್ಟ್ ಮಾಡಿದ್ದೇವಲ್ಲ’ ಎಂಬುದು ಮುಂದಿನ ಸಮಾಧಾನ, ಅಂದರೆ ಕೀಲಿಯಿಲ್ಲದೆ ಓದಲಾಗದ ಗುಪ್ತರೂಪಕ್ಕೆ ತಿರುಗಿಸಿದ್ದೇವೆ ಎಂದು. ಮಾಡಿದ್ದೀರಿ, ಸರಿ, ಕೀಲಿ ಯಾರದು? ಸರ್ವರ್ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಯದೇ ಕೀಲಿಯಾದರೆ, ಆದೇಶ ಬಂದ ದಿನ ತೆರೆದುಕೊಡಲು ಅದಕ್ಕೇನೂ ತೊಡಕಿಲ್ಲ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅದೇ ಬಾಗಿಲ ಮೊಳೆಗೆ ತೂಗುಹಾಕಿದ ಹಾಗೆ. ನೀವೇ ಸೃಷ್ಟಿಸಿದ ಕೀಲಿಯನ್ನು ಅವರ ಕೀಲಿ ನಿರ್ವಹಣಾ ಸೇವೆಗೆ ಏರಿಸಿದರೆ ನಿಯಂತ್ರಣ ಒಂದಿಷ್ಟು ಹೆಚ್ಚುತ್ತದೆ, ಪೂರ್ತಿ ನಿಮ್ಮದಾಗುವುದಿಲ್ಲ. ಕೀಲಿ ಅವರ ವ್ಯವಸ್ಥೆಯ ಹೊರಗೆ, ನಿಮ್ಮ ಸುಪರ್ದಿಯಲ್ಲೇ ಇದ್ದಾಗ ಮಾತ್ರ ಅವರ ಬಳಿ ಇರುವುದು ಬರೀ ಅರ್ಥವಾಗದ ಅಕ್ಷರರಾಶಿ. ಬ್ಯಾಕಪ್ ಇಡುವುದಕ್ಕೆ ಇದು ಒಳ್ಳೆಯ ಉಪಾಯ. ಕೀಲಿ ಕಳೆದರೆ ಬ್ಯಾಕಪ್ಪೂ ಹೋಯಿತು ಎಂಬ ಎಚ್ಚರವಿರಲಿ.

ಆದರೆ ಕ್ಲೌಡ್‌ನಲ್ಲಿ ನೀವು ದತ್ತಾಂಶವನ್ನು ಇಡುವುದಷ್ಟೇ ಅಲ್ಲ, ಹುಡುಕುತ್ತೀರಿ, ಕೂಡಿ ಕಳೆಯುತ್ತೀರಿ. ಅದಕ್ಕೆ ಸಾಮಾನ್ಯವಾಗಿ ಯಂತ್ರದ ಮೆಮೊರಿಯಲ್ಲಿ ಅದು ತೆರೆದ ರೂಪಕ್ಕೆ ಬರಲೇಬೇಕು. ವಿದೇಶಿ ಸೇವಾದಾರ ತೆರೆದ ದತ್ತಾಂಶದ ಮೇಲೆ ಕೆಲಸ ಮಾಡಬೇಕಾದಾಗ, ಅಲ್ಲಿನ ಸರ್ಕಾರದ ಅಧಿಕಾರ ಮಿತಿಮೀರಿದ್ದರೆ, ಅದನ್ನು ತಡೆಯಬಲ್ಲ ತಾಂತ್ರಿಕ ಉಪಾಯ ತನಗೆ ಕಾಣುತ್ತಿಲ್ಲ ಎಂದು ಯುರೋಪಿನ ದತ್ತಾಂಶ ಸಂರಕ್ಷಣಾ ಮಂಡಳಿ 2021ರ ಜೂನ್‌ನ ಶಿಫಾರಸುಗಳಲ್ಲಿ ಒಪ್ಪಿಕೊಂಡಿದೆ. ಮೆಮೊರಿಯಲ್ಲೂ ರಕ್ಷಣೆ ಕೊಡುವ ಚಿಪ್‌ಗಳು ಬಂದಿವೆ, ನಿಜ. ಮಾರಾಟಗಾರರ ಉತ್ಸಾಹವನ್ನು ಅರ್ಧಕ್ಕೆ ಇಳಿಸಿ ಕೇಳಿಸಿಕೊಳ್ಳಿ. ಕೆಲವು ದತ್ತಾಂಶವನ್ನು ಅಂಥ ಕ್ಲೌಡ್‌ಗೆ ಏರಿಸದಿರುವುದೇ ಸರಿ, ಅದು ಯಾವುದೆಂದು ತೀರ್ಮಾನಿಸಬೇಕಾದವರು ನಿಮ್ಮ ವಕೀಲರು ಮತ್ತು ಎಂಜಿನಿಯರ್ ಒಂದೇ ಮೇಜಿನ ಸುತ್ತ ಕುಳಿತು.

ದೇಶದೊಳಗೇ ಇಡುವ ಆತುರದಲ್ಲಿ ಎಲ್ಲವನ್ನೂ ಒಂದೇ ಆವರಣದಲ್ಲಿ ಇಡುವವರೂ ಇದ್ದಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿದಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಹಲವರಿಗೆ ಏನೂ ಉಳಿಯಲಿಲ್ಲ.

ಮುಂದಿನ ಆಡಿಟ್‌ಗೆ ಮೊದಲು ಕೆಂಪು ಚೌಕ ಬಿಡಿಸುವ ಬದಲು ಒಂದು ಕೆಲಸ ಮಾಡಿ. ನಿಮ್ಮ ಸೇವಾದಾರ ತನ್ನ ಕೆಲಸವನ್ನು ಯಾವ ಯಾವ ಉಪಗುತ್ತಿಗೆದಾರರಿಗೆ, ಯಾವ ದೇಶಗಳಲ್ಲಿ ಹಂಚಿದ್ದಾನೆ ಎಂಬ ಪಟ್ಟಿಯನ್ನು ಒಪ್ಪಂದದ ಅನುಬಂಧದಿಂದ ತೆಗೆದು ಓದಿ. ಆ ಪಟ್ಟಿ ಬದಲಾಗುವಾಗ ಮುಂಚಿತವಾಗಿ ತಿಳಿಸಬೇಕು, ಆಕ್ಷೇಪಿಸಲು ಅವಕಾಶ ಕೊಡಬೇಕು ಎಂದು ಜಿಡಿಪಿಆರ್ ಹೇಳುತ್ತದೆ; ಬೇರೆಡೆಯ ಒಪ್ಪಂದಗಳಲ್ಲೂ ಇಂಥ ಷರತ್ತು ಸಾಮಾನ್ಯ. ಆ ಸೂಚನೆ ಇಮೇಲ್‌ನಲ್ಲಿ ಬರುತ್ತದೆ. ಯಾರ ವಿಳಾಸಕ್ಕೆ ಎಂದು ಒಮ್ಮೆ ಪರಿಶೀಲಿಸಿ. ನಾನು ಕಂಡಂತೆ ಅದು ಒಪ್ಪಂದಕ್ಕೆ ಸಹಿ ಹಾಕಿಸಿ, ಆಮೇಲೆ ಕೆಲಸ ಬಿಟ್ಟುಹೋದ ಖರೀದಿ ವಿಭಾಗದವರ ವಿಳಾಸವಾಗಿರುತ್ತದೆ.