ಕಣಗಿಲೆ ಗಿಡ ಇರಲಿ, ಸವರಿದ ಟೊಂಗೆ ಎಲ್ಲಿಗೆ ಹೋಗುತ್ತದೆ?

"ಕಾಂಪೌಂಡಿನ ಪಕ್ಕ ಕಣಗಿಲೆ ಇದೆ. ಮನೆಯಲ್ಲಿ ಸಣ್ಣ ಮಗು, ಜೊತೆಗೊಂದು ನಾಯಿಮರಿ. ಗಿಡ ಕೀಳಿಸಬೇಕಾ ಡಾಕ್ಟ್ರೇ?" ಪಶುವೈದ್ಯರಾದ ನಮ್ಮನ್ನು ಜನ ಆಗಾಗ ಕೇಳುವ ಪ್ರಶ್ನೆ ಇದು. ಕಣಗಿಲೆ ವಿಷ, ಅದರಲ್ಲಿ ಅನುಮಾನವಿಲ್ಲ. ಆದರೆ ಗಿಡ ಸವರಿದ ಮೇಲೆ ಟೊಂಗೆ ಏನು ಮಾಡುತ್ತೀರಿ ಎಂದು ನಾನು ಮೊದಲು ಕೇಳುತ್ತೇನೆ.

ಹೂವು ಬಿಳಿಯಿರಲಿ, ಗುಲಾಬಿ ಬಣ್ಣದ್ದಿರಲಿ, ಬೇರಿನಿಂದ ಬೀಜದವರೆಗೆ ಎಲ್ಲದರಲ್ಲೂ ಒಲಿಯಾಂಡ್ರಿನ್ ಮತ್ತು ಅದರ ಬಳಗದ ವಿಷಗಳಿವೆ. ಹೃದ್ರೋಗಿಗಳಿಗೆ ಕೊಡುವ ಡಿಗಾಕ್ಸಿನ್ ಮಾತ್ರೆಗೆ ಇವು ಹತ್ತಿರದ ನಂಟು. ಜೀವಕೋಶದಿಂದ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ ಪಂಪನ್ನು ತಡೆಯುತ್ತವೆ. ಮೊದಲು ಜೊಲ್ಲು, ವಾಂತಿ, ಭೇದಿ. ಆಮೇಲೆ ನಾಡಿ ನಿಧಾನವಾಗಿ, ಲಯ ತಪ್ಪಿ, ಹೃದಯ ನಿಂತೇ ಹೋಗಬಹುದು. ಹಳದಿ ಕಣಗಿಲೆ ಬೇರೆಯೇ ಗಿಡ, ಎಲೆ ಕಿತ್ತರೆ ಹಾಲು ಸುರಿಯುತ್ತದೆ. ವಿಷದ ಸ್ವಭಾವ ಮಾತ್ರ ಅದೇ. ಅದರ ಗಟ್ಟಿ ಕಾಯಿ ಮಕ್ಕಳ ಕೈಗೆ ಆಟದ ಸಾಮಾನಾಗುವುದರಿಂದ, ಮಗುವಿರುವ ಅಂಗಳಕ್ಕೆ ಅದು ಬೇಡವೇ ಬೇಡ.

ಹಸಿ ಕಣಗಿಲೆ ಎಲೆ ಬಲು ಕಹಿ. ದನ ಮೂಸಿ ಮುಂದೆ ಹೋಗುತ್ತದೆ, ಮಗು ಕಚ್ಚಿದರೂ ಸಾಮಾನ್ಯವಾಗಿ ಉಗುಳುತ್ತದೆ. ಹೆದ್ದಾರಿಯ ನಡುಪಟ್ಟಿಯಲ್ಲಿ ಇದನ್ನೇ ಸಾಲಾಗಿ ನೆಡುವುದೂ ನೀರಿಲ್ಲದೆ ಬದುಕುತ್ತದೆ, ದನ ಮುಟ್ಟುವುದಿಲ್ಲ ಎಂಬ ಕಾರಣಕ್ಕೇ. ಟೊಂಗೆ ಸವರಿ ಬೇಲಿಯಾಚೆ ಎಸೆದಾಗ ಲೆಕ್ಕ ತಪ್ಪುತ್ತದೆ. ಒಣಗಿದ ಎಲೆಯ ಕಹಿ ತಗ್ಗುತ್ತದೆ, ವಿಷ ಉಳಿಯುತ್ತದೆ. ಹುಲ್ಲಿನಲ್ಲಿ ಬೆರೆತರಂತೂ ದನಕ್ಕೆ ತಿಳಿಯುವುದೇ ಇಲ್ಲ. ದೊಡ್ಡ ಹಸುವೊಂದಕ್ಕೆ 10ರಿಂದ 20 ಎಲೆ ಸಾಕು, ಪ್ರಾಣಕ್ಕೆ ಕುತ್ತು. ಸವರಿದ್ದನ್ನು ಆಳವಾಗಿ ಹೂಳಿ. ಸುಡಬೇಡಿ, ಹೊಗೆಯೂ ಒಳ್ಳೆಯದಲ್ಲ.

ಇಲ್ಲೊಂದು ಕಸುಬಿನ ಮಾತು. ಕರು ಹಾಕಿದ ಹಸು ನೆಲಕ್ಕೆ ಬಿದ್ದರೆ ಹಾಲುಜ್ವರ (ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ) ಎಂದು ಕ್ಯಾಲ್ಸಿಯಂ ಬಾಟಲಿ ಏರಿಸುವುದು ನಮ್ಮ ರೂಢಿ. ಕಣಗಿಲೆ ತಿಂದ ಹಸುವಿಗೆ ಅದೇ ಕ್ಯಾಲ್ಸಿಯಂ ಹೃದಯಕ್ಕೆ ಇನ್ನಷ್ಟು ಪೆಟ್ಟು ಕೊಡಬಹುದು. ಹಾಗಾಗಿ ನಿನ್ನೆ ಮೊನ್ನೆ ಗಿಡ ಸವರಿದ್ದರೆ, ಅದು ಪಕ್ಕದ ಮನೆಯವರದೇ ಆದರೂ, ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ.

ನಾಯಿಗಳ ಕಥೆ ಬೇರೆ. ಮರಿಗಳು ಕಹಿ ನೋಡಿ ಕಡ್ಡಿ ಅಗಿಯುವುದಿಲ್ಲ, ಸಿಕ್ಕಿದ್ದನ್ನು ಅಗಿಯುತ್ತವೆ. ಆಟಕ್ಕೆಂದು ಎಸೆಯುವ ಕೋಲು ಕಣಗಿಲೆಯದಾಗಿರಬಾರದು. ಹೂ ಇಟ್ಟ ಪಾತ್ರೆಯ ನೀರನ್ನು ಬಾಯಿಗೆ ಎಟುಕುವಲ್ಲಿ ಬಿಡಬೇಡಿ.

ಪೂಜೆಗೆ ಹೂ ಬಿಡಿಸುವುದು ತಪ್ಪೇ? ಬಿಡಿಸಿ, ಕೈ ತೊಳೆಯಿರಿ, ಅಷ್ಟೆ. ಪ್ರಸಾದದ ತಟ್ಟೆಗೆ ಮಾತ್ರ ಹಾಕಬೇಡಿ, ಮಕ್ಕಳು ಹೂ ಸಮೇತ ಬಾಯಿಗಿಡುತ್ತಾರೆ. ಕೇರಳದಲ್ಲಿ ಒಬ್ಬ ಯುವತಿಯ ಸಾವಿಗೆ ಕಣಗಿಲೆಯೇ ಕಾರಣವಿರಬಹುದೆಂಬ ಶಂಕೆ ಎದ್ದ ಮೇಲೆ, 2024ರ ಮೇ ತಿಂಗಳಲ್ಲಿ ಅಲ್ಲಿನ ದೇವಸ್ಥಾನಗಳನ್ನು ನೋಡಿಕೊಳ್ಳುವ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಈ ಹೂವನ್ನು ನಿಲ್ಲಿಸಿದವು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ.

ಮಗುವೋ ನಾಯಿಯೋ ತಿಂದದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ, ಒಂದು ಟೊಂಗೆಯನ್ನು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಡಿ. ಮಗು ಚೆನ್ನಾಗಿಯೇ ಆಡುತ್ತಿದೆ ಎಂದು ಕಾಯಬೇಡಿ. ಹೃದಯದ ಏರುಪೇರು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು, ಅದಕ್ಕೇ ಇಸಿಜಿ ಇಟ್ಟು ನೋಡುತ್ತಾರೆ. ಡಿಗಾಕ್ಸಿನ್ ವಿರುದ್ಧದ ಪ್ರತಿಕಾಯ ಔಷಧ (ವಿಷವನ್ನು ಹಿಡಿದು ಕಟ್ಟಿಹಾಕುವಂಥದ್ದು) ಇದಕ್ಕೂ ಕೆಲಸ ಮಾಡುತ್ತದೆ, ಹಳದಿ ಕಣಗಿಲೆಯ ಮೇಲೆ ಶ್ರೀಲಂಕಾದಲ್ಲಿ ಪರೀಕ್ಷೆಯಾಗಿದೆ. ಆದರೆ ಅದು ಬಲು ದುಬಾರಿ.

ಹೊಸದಾಗಿ ನೆಡುವವರಿಗೆ ನನ್ನ ಸಲಹೆ ದಾಸವಾಳ. ಮೇಕೆ ಮೇಯ್ದರೂ ಆತಂಕವಿಲ್ಲ, ಹೂವಿನ ತಂಬುಳಿಯನ್ನು ನಾವೇ ಉಣ್ಣುತ್ತೇವೆ. ಮಲ್ಲಿಗೆ, ಗುಲಾಬಿಯೂ ಆಗಬಹುದು. ಬೆಕ್ಕು ಸಾಕಿದವರು ಮಾತ್ರ ಬೊಕೆಗಳಲ್ಲಿ ಬರುವ ಲಿಲಿಯನ್ನು ಒಳಗೆ ತರಬೇಡಿ. ನಾಯಿಗೆ ಹೊಟ್ಟೆಯಷ್ಟೇ ಕೆಡಿಸುವ ಆ ಹೂವಿನ ಪರಾಗವನ್ನು ಬೆಕ್ಕು ಮೈಯಿಂದ ನೆಕ್ಕಿಕೊಂಡರೂ ಮೂತ್ರಪಿಂಡ ಕೈಕೊಡುತ್ತದೆ.