ಪದ ಪರಿಚಯ: ಜಿಪಿಐಬಿ ಕಾರ್ಡ್ ಅಂದ್ರೇನು, ಹಳೇ ಪಿಸಿಗೆ ಅದನ್ನ ಹಾಕಿ ಸೆಟ್ ಮಾಡೋದು ಅಂದ್ರೇನು

ಹಳೇ ಬೆಂಚ್ ಮಲ್ಟಿಮೀಟರು, ಸಿಗ್ನಲ್ ಜನರೇಟರು, ಸ್ಪೆಕ್ಟ್ರಮ್ ಅನಲೈಸರು ಇಂಥವನ್ನ ತಿರುಗಿಸಿ ಹಿಂದುಗಡೆ ನೋಡಿದ್ರೆ ಅಗಲವಾದ ಒಂದು ಕನೆಕ್ಟರ್ ಕಾಣತ್ತೆ, ಮೇಲೊಂದು ಕೆಳಗೊಂದು ಸಾಲು, ಒಟ್ಟು 24 ಕಾಂಟ್ಯಾಕ್ಟು, ಎರಡೂ ಪಕ್ಕ ಸ್ಕ್ರೂ ಹಾಕೋ ಜಾಗ. ಹಳೇ ಪ್ರಿಂಟರ್ ಸಾಕೆಟ್ ಥರಾನೇ ಇದೆಯಲ್ಲ ಅನ್ಸತ್ತೆ, ಆದ್ರೆ ಪ್ರಿಂಟರಿಂದು 36 ಪಿನ್ನು, ಇದು ಬೇರೆ. ಇದೇ ಜಿಪಿಐಬಿ, ಪೂರ್ತಿ ಹೇಳಿದ್ರೆ ಜನರಲ್ ಪರ್ಪಸ್ ಇಂಟರ್‌ಫೇಸ್ ಬಸ್ (ಹಲವು ಉಪಕರಣಗಳು ಹಂಚ್ಕೊಳೋ ಒಂದೇ ಸೆಟ್ ತಂತಿಗಳಿಗೆ ಬಸ್ ಅಂತಾರೆ). ಹ್ಯೂಲೆಟ್-ಪ್ಯಾಕರ್ಡ್‌ನವರು 1960ರ ದಶಕದ ಕೊನೇಲಿ ತಮ್ಮ ಇನ್‌ಸ್ಟ್ರುಮೆಂಟುಗಳನ್ನ ಕಂಪ್ಯೂಟರಿಂದ ನಡೆಸೋಕೆ ಅಂತ ಮಾಡ್ಕೊಂಡಿದ್ದು, ಅವರು ಅದನ್ನ ಎಚ್‌ಪಿ-ಐಬಿ ಅಂತಿದ್ರು, 1975ರಲ್ಲಿ ಐಇಇಇ 488 ಅನ್ನೋ ಸ್ಟ್ಯಾಂಡರ್ಡ್ ಆಯ್ತು, ಬೇರೆ ಕಂಪನಿಯವರೂ ಹಾಕೋಕೆ ಶುರು ಮಾಡಿದ ಮೇಲೆ ಜಿಪಿಐಬಿ ಅನ್ನೋ ಹೆಸರು ನಿಂತ್ಕೊಂತು. ಮ್ಯಾನ್ಯುಯಲ್ಲಲ್ಲಿ ಈ ಮೂರರಲ್ಲಿ ಯಾವ ಹೆಸರು ಬಂದ್ರೂ ಅದೇ ಬಸ್ ಅಂದ್ಕೊಳಿ.

ಇನ್ನು ಜಿಪಿಐಬಿ ಕಾರ್ಡ್. ಪಿಸಿಗೆ ಹುಟ್ಟಿನಿಂದ ಈ ಬಸ್ ಗೊತ್ತಿಲ್ಲ, ಹಂಗಾಗಿ ಮದರ್‌ಬೋರ್ಡಿನ ಸ್ಲಾಟಿಗೆ ಒಂದು ಕಾರ್ಡ್ ಹಾಕಿ ಈ 24 ಪಿನ್ನಿನ ಕನೆಕ್ಟರನ್ನ ಹಿಂದಕ್ಕೆ ತರಬೇಕು. ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿ-ಟೂಎ, ಎಟಿ-ಜಿಪಿಐಬಿ, ಎಚ್‌ಪಿಯ 82335 ಇವೆಲ್ಲ ಐಎಸ್‌ಎ ಅನ್ನೋ ಹಳೇ ಬಗೆಯ ಸ್ಲಾಟ್ ಕಾಲದ ಕಾರ್ಡುಗಳು. ಇಲ್ಲಿ ತಲೇಲಿ ಇಟ್ಕೋಬೇಕಾಗಿರೋದು ಒಂದೇ, ಈ ಕಾರ್ಡಿಗೆ ಎರಡು ಮುಖ ಇದೆ. ಒಂದು ಮುಖ ಪಿಸಿ ಕಡೆಗೆ, ಇನ್ನೊಂದು ಮುಖ ಇನ್‌ಸ್ಟ್ರುಮೆಂಟ್ ಕಡೆಗೆ. ಎರಡೂ ಕಡೆ ಬೇರೆ ಬೇರೆ ಸೆಟ್ಟಿಂಗು, ಬೇರೆ ಬೇರೆ ನಂಬರು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಆದ್ರೆ ದುರಾದೃಷ್ಟಕ್ಕೆ ಎರಡೂ ಕಡೆ "ಅಡ್ರೆಸ್" ಅಂತಾನೇ ಕರೀತಾರೆ, ಅದಕ್ಕೇ ಮೀಟರಿನ ಅಡ್ರೆಸ್ ಬದಲಾಯಿಸಿದ್ರೆ ಕಾರ್ಡ್ ಕಾಣಬಹುದೇನೋ ಅಂತ ಗಂಟೆಗಟ್ಟಲೆ ಒದ್ದಾಡೋರು ಜಾಸ್ತಿ. ಕಾಣಲ್ಲ.

ಮೊದಲು ಪಿಸಿ ಕಡೆ ನೋಡೋಣ, ಕಷ್ಟ ಎಲ್ಲಾ ಇರೋದು ಇಲ್ಲೇ. ಹಳೇ ಐಎಸ್‌ಎ ಕಾರ್ಡಿಗೆ ಪ್ಲಗ್ ಅಂಡ್ ಪ್ಲೇ ಇಲ್ಲ (ಐಎಸ್‌ಎಗೆ ಪ್ಲಗ್ ಅಂಡ್ ಪ್ಲೇ ಬಂದಿದ್ದೇ 1993ರಲ್ಲಿ), ಅಂದ್ರೆ ನಾನು ಇಂಥ ಜಾಗದಲ್ಲಿ ಇದೀನಿ ಅಂತ ಕಾರ್ಡ್ ತಾನಾಗಿ ಹೇಳಲ್ಲ. ನಾವೇ ಮೂರು ವಿಷಯ ತೀರ್ಮಾನ ಮಾಡ್ಬೇಕು: ಬೇಸ್ ಐ/ಒ ಅಡ್ರೆಸ್ಸು, ಐಆರ್‌ಕ್ಯೂ, ಡಿಎಂಎ ಚಾನೆಲ್ಲು. ಬೇಸ್ ಅಡ್ರೆಸ್ ಅಂದ್ರೆ ಪ್ರೊಸೆಸರ್ ಈ ಕಾರ್ಡಿನ ರಿಜಿಸ್ಟರುಗಳನ್ನ ಓದೋಕೆ ಬರೆಯೋಕೆ ಬಳಸೋ ಪೋರ್ಟ್ ನಂಬರಿನ ಶುರು. ಐಆರ್‌ಕ್ಯೂ ಅಂದ್ರೆ ಡೇಟಾ ಬಂತು ನೋಡು ಅಂತ ಕಾರ್ಡು ಪ್ರೊಸೆಸರನ್ನ ಕರೆಯೋ ಲೈನು. ಡಿಎಂಎ ಅಂದ್ರೆ ಪ್ರೊಸೆಸರಿಗೆ ಒಂದೊಂದು ಬೈಟಿಗೂ ತೊಂದ್ರೆ ಕೊಡದೆ ಡೇಟಾ ಸೀದಾ ಮೆಮೊರಿಗೆ ಹೋಗೋ ದಾರಿ. ಎಟಿ-ಜಿಪಿಐಬಿಗೆ ಫ್ಯಾಕ್ಟರಿ ಸೆಟ್ಟಿಂಗು ಬೇಸ್ 2ಸಿ0 (ಹೆಕ್ಸ್, ಅಂದ್ರೆ 16ರ ಲೆಕ್ಕದಲ್ಲಿ ಬರೆಯೋ ಸಂಖ್ಯೆ, ಮುಂದೆ ಬರೋ ಪೋರ್ಟ್ ನಂಬರೆಲ್ಲಾ ಹಂಗೇ), ಐಆರ್‌ಕ್ಯೂ 11, ಡಿಎಂಎ 5. ಪಿಸಿ-ಟೂಎಗೆ 2ಇ1, ಐಆರ್‌ಕ್ಯೂ 7, ಡಿಎಂಎ 1. ಇದರಲ್ಲಿ ಎರಡನೇದನ್ನ ನೋಡಿದ ತಕ್ಷಣ ಹಳಬರು ಮುಖ ಸಿಂಡರಿಸ್ತಾರೆ, ಯಾಕಂದ್ರೆ ಐಆರ್‌ಕ್ಯೂ 7 ಪ್ರಿಂಟರ್ ಪೋರ್ಟಿಂದು, ಡಿಎಂಎ 1ರಲ್ಲಿ ಸೌಂಡ್ ಕಾರ್ಡ್ ಕೂತಿರತ್ತೆ.

ಬೇಸ್ ಅಡ್ರೆಸ್ಸನ್ನ ಕಾರ್ಡಿನ ಮೇಲಿರೋ ಸಣ್ಣ ಡಿಪ್ ಸ್ವಿಚ್ಚಲ್ಲಿ ಇಡ್ತಾರೆ. ಎಟಿ-ಜಿಪಿಐಬಿ ತಗೊಳಿ, ಅದರಲ್ಲಿ ಎ9ರಿಂದ ಎ5ರವರೆಗೆ ಐದು ಸ್ವಿಚ್ಚು, ಅಡ್ರೆಸ್ಸಿನ ಒಂದೊಂದು ಬಿಟ್ಟಿಗೆ ಒಂದೊಂದು. 2ಸಿ0 ಅಂದ್ರೆ 512+128+64, ಅಂದ್ರೆ ಎ9, ಎ7, ಎ6 ಇವು 1, ಉಳಿದ ಎ8, ಎ5 ಎರಡೂ 0. ಇನ್ನೇನು ಎ9, ಎ7, ಎ6ನ ಆನ್ ಮಾಡೋಣ ಅಂತ ಕೈ ಹಾಕೋ ಮುಂಚೆ ಮ್ಯಾನ್ಯುಯಲ್ ನೋಡಿ, ಇಲ್ಲಿ ಆನ್ ಅಂದ್ರೆ 0, ಆಫ್ ಅಂದ್ರೆ 1. ಉಲ್ಟಾ ಯಾಕೆ ಅಂದ್ರೆ ಸ್ವಿಚ್ ಆನ್ ಆದಾಗ ಆ ಲೈನು ಗ್ರೌಂಡಿಗೆ ಸೇರತ್ತೆ, ಗ್ರೌಂಡ್ ಅಂದ್ರೆ 0. ಆಮೇಲೆ ಮೀಟರಿನ ಹಿಂದೆ ಇರೋ ಅಡ್ರೆಸ್ ಸ್ವಿಚ್ಚಲ್ಲಿ ಸಾಮಾನ್ಯವಾಗಿ 1 ಅಂತ ಬರೆದಿರೋ ಕಡೆ ಒತ್ತಿದ್ರೆ 1, ಅಲ್ಲಿ ಈ ತಕರಾರು ಇಲ್ಲ. ಒಂದೇ ದಿನ ಎರಡೂ ಸೆಟ್ ಮಾಡೋಕೆ ಕೂತ್ರೆ ಗ್ಯಾರಂಟಿ ತಲೆ ಕೆಡತ್ತೆ.

ಸ್ವಿಚ್ ಐದೇ ಇರೋದ್ರಿಂದ, ಅಂದ್ರೆ ಕೆಳಗಿನ ಐದು ಬಿಟ್ಟಿಗೆ (ಎ4ರಿಂದ ಎ0) ಸ್ವಿಚ್ ಇಲ್ಲದ್ರಿಂದ, ಕಾರ್ಡು ಒಂದು ಪೋರ್ಟಲ್ಲ, ಒಟ್ಟಿಗೆ 32 ಪೋರ್ಟಿನ ಜಾಗ ಹಿಡ್ಕೊಳತ್ತೆ, 2ಸಿ0 ಇಟ್ರೆ 2ಡಿಎಫ್‌ವರೆಗೂ ಅದರದ್ದೇ. ಇದು ಯಾಕೆ ಮುಖ್ಯ ಅಂದ್ರೆ, ಅಲ್ಲಿ ಬೇರೆ ಯಾವುದೋ ಕಾರ್ಡ್ ಇದೆ, ಪಕ್ಕದ ಜಾಗಕ್ಕೆ ಹೋಗೋಣ ಅಂತ 2ಇ0 ಇಟ್ರಿ ಅಂತ ಇಟ್ಕೊಳಿ, ಅದು 2ಎಫ್‌ಎಫ್‌ವರೆಗೂ ಚಾಚ್ಕೊಳತ್ತೆ, ಅದರೊಳಗೆ ಪಿಸಿಯ ಸೀರಿಯಲ್ ಪೋರ್ಟುಗಳಾದ ಕಾಮ್2 (2ಎಫ್8) ಬರತ್ತೆ, ಕಾಮ್4 (2ಇ8) ಬರತ್ತೆ, ಎರಡಕ್ಕೂ ಪೆಟ್ಟು. 300 ನೆಟ್‌ವರ್ಕ್ ಕಾರ್ಡಿನ ಅಚ್ಚುಮೆಚ್ಚಿನ ಜಾಗ. 360 ಇಟ್ರೆ ಪ್ರಿಂಟರ್ ಪೋರ್ಟಿನ 378 ಅದರೊಳಗೆ. 3ಇ0 ಅಂತೂ ಬೇಡವೇ ಬೇಡ, ಕಾಮ್1, ಕಾಮ್3, ಫ್ಲಾಪಿ ಮೂರೂ ಅಲ್ಲೇ ಇವೆ. ಹಂಗಾಗಿ ಶುರುವಿನ ನಂಬರ್ ಖಾಲಿ ಇದೆಯಾ ಅಂತ ಮಾತ್ರ ನೋಡಿದ್ರೆ ಸಾಲದು, ಕೊನೆವರೆಗೂ ನೋಡ್ಬೇಕು. ಇನ್ನು ಎಚ್‌ಪಿ 82335 ಥರದ ಕಾರ್ಡಿನ ಕಥೆ ಬೇರೆ, ಅದು ಐ/ಒ ಪೋರ್ಟ್ ಬದಲು ಮೇಲ್ಮೆಮೊರಿಯಲ್ಲಿ ಒಂದು ತುಂಡು ಜಾಗ ತಗೊಳತ್ತೆ, ಅಲ್ಲಿ ನಿಮ್ಮ ಶತ್ರು ಇಎಂಎಂ386, ಡಾಸ್‌ನಲ್ಲಿ ಮೆಮೊರಿ ನೋಡ್ಕೊಳೋ ಪ್ರೋಗ್ರಾಮು. ಕಾರ್ಡಿನ ಜಾಗವನ್ನ ಎಕ್ಸ್‌ಕ್ಲೂಡ್ ಮಾಡದಿದ್ರೆ ಅದು ಖಾಲಿ ಸೈಟು ಅಂದ್ಕೊಂಡು ಅಲ್ಲಿ ಬೇರೆ ಏನಾದ್ರೂ ತುಂಬಿಬಿಡತ್ತೆ.

ಐಆರ್‌ಕ್ಯೂ ಡಿಎಂಎ ಎರಡೂ ಜಂಪರಲ್ಲಿ (ಎರಡು ಪಿನ್ನನ್ನ ಸೇರಿಸೋ ಪುಟ್ಟ ಟೋಪಿ). ಐಆರ್‌ಕ್ಯೂಗೆ ಒಂದು ಜಂಪರು. ಡಿಎಂಎಗೆ ಎರಡು, ಒಂದು ರಿಕ್ವೆಸ್ಟಿಗೆ ಒಂದು ಅಕ್ನಾಲೆಜ್‌ಗೆ, ಎರಡೂ ಒಂದೇ ಚಾನೆಲ್ಲಿಗೆ ಇರ್ಬೇಕು, ಒಂದನ್ನ ಸರಿಸಿ ಇನ್ನೊಂದನ್ನ ಮರೆತ್ರೆ ಟ್ರಾನ್ಸ್‌ಫರ್ ಶುರು ಆದ ತಕ್ಷಣ ಮೆಷಿನ್ ಕಲ್ಲಿನ ಥರ ನಿಂತ್ಕೊಳತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ ಮೊದಲ ಸಲ ಐಆರ್‌ಕ್ಯೂ, ಡಿಎಂಎ ಎರಡನ್ನೂ ಬಿಟ್ಟುಬಿಡಿ, ಜಂಪರಲ್ಲೂ ಇಲ್ಲ, ಸಾಫ್ಟ್‌ವೇರಲ್ಲೂ ಇಲ್ಲ ಅಂತ ಇಡಿ. ನಿಧಾನ ಆಗತ್ತೆ ಅಷ್ಟೇ, ಮೀಟರಿಂದ ರೀಡಿಂಗ್ ತಗೊಳೋಕೆ ಅದು ಧಾರಾಳ ಸಾಕು. ಬೇಸ್ ಅಡ್ರೆಸ್ ಒಂದು ಸರಿ ಇದ್ದು ಕಾರ್ಡ್ ಮಾತಾಡಿದ ಮೇಲೆ ಒಂದೊಂದಾಗಿ ಸೇರಿಸ್ಕೊಂಡು ಹೋಗಿ, ಆಗ ಯಾವುದು ಕೈ ಕೊಡ್ತು ಅಂತ ತಾನೇ ಗೊತ್ತಾಗತ್ತೆ.

ಸ್ವಿಚ್ಚು ಜಂಪರು ಎಲ್ಲಾ ಕಾರ್ಡ್ ಕೈಯಲ್ಲಿ ಇರುವಾಗಲೇ ಸೆಟ್ ಮಾಡಿ ಮುಗಿಸಿ ಫೋಟೋ ತೆಗೆದಿಟ್ಕೊಳಿ, ಒಳಗೆ ಹೋದ ಮೇಲೆ ಪಕ್ಕದ ಕಾರ್ಡ್ ಅಡ್ಡ ಬಂದು ಏನೂ ಕಾಣಲ್ಲ. ಆಮೇಲೆ ಪವರ್ ಕೇಬಲ್ ಕಿತ್ತು, ಕೇಸಿನ ಲೋಹ ಮುಟ್ಟಿ ಮೈಯಲ್ಲಿರೋ ಸ್ಟ್ಯಾಟಿಕ್ ಕಳೆದು, ಕಾರ್ಡಿನ ಅಂಚು ಹಿಡ್ಕೊಂಡು ಸ್ಲಾಟಿಗೆ ನೇರವಾಗಿ ಒತ್ತಬೇಕು. ಎಟಿ-ಜಿಪಿಐಬಿ 16 ಬಿಟ್ಟಿಂದು, ಅದಕ್ಕೆ ಎರಡು ತುಂಡಿನ ಉದ್ದ ಸ್ಲಾಟೇ ಬೇಕು. ಬ್ರ್ಯಾಕೆಟ್ಟಿನ ಸ್ಕ್ರೂ ಮಾತ್ರ ಇರಲಿ ಬಿಡು ಅನ್ಬೇಡಿ. ಜಿಪಿಐಬಿ ಕೇಬಲ್ಲು ಬೆರಳು ದಪ್ಪ, ತಲೆ ಭಾರ, ಅದು ಹಿಂದೆ ಜೋತು ಬಿದ್ದಾಗ ಸ್ಕ್ರೂ ಇಲ್ಲದ ಕಾರ್ಡಿನ ಇನ್ನೊಂದು ತುದಿ ಸ್ಲಾಟಿಂದ ಕೂದಲೆಳೆಯಷ್ಟು ಮೇಲೇಳತ್ತೆ, ಆಗ ಬರೋ ತೊಂದರೆ ಇದೆಯಲ್ಲ, ಒಮ್ಮೆ ಕೆಲಸ ಮಾಡತ್ತೆ ಒಮ್ಮೆ ಇಲ್ಲ, ಕೇಬಲ್ ಅಲ್ಲಾಡಿಸಿದ್ರೆ ಸರಿ ಹೋಗತ್ತೆ, ಎಲ್ಲರೂ ಕೇಬಲ್ಲನ್ನೇ ಬೈತಾರೆ.

ಇನ್ನು ಡ್ರೈವರು. ಡಾಸ್‌ನಲ್ಲಿ ಇದು ಕಾನ್ಫಿಗ್.ಸಿಸ್ ಫೈಲಲ್ಲಿ ಒಂದು ಡಿವೈಸ್ ಸಾಲು, ನ್ಯಾಷನಲ್ ಕಾರ್ಡಿಗೆ ಜಿಪಿಐಬಿ.ಕಾಮ್ ಅನ್ನೋ ಫೈಲು, ಜೊತೆಗೆ ಐಬಿಕಾನ್ಫ್ ಅನ್ನೋ ಸೆಟ್ಟಿಂಗ್ ಪ್ರೋಗ್ರಾಮು. ಸ್ವಿಚ್ಚು ಜಂಪರಿಗೆ ಏನು ಇಟ್ಟಿದೀರೋ ಐಬಿಕಾನ್ಫ್‌ನಲ್ಲೂ ಅಕ್ಷರಶಃ ಅದನ್ನೇ ತುಂಬಬೇಕು, ಯಾಕಂದ್ರೆ ಕಾರ್ಡನ್ನ ಕೇಳಿ ತಿಳ್ಕೊಳೋ ದಾರಿ ಸಾಫ್ಟ್‌ವೇರಿಗೆ ಇಲ್ಲ, ನೀವು ಹೇಳಿದ್ದನ್ನ ನಂಬತ್ತೆ. ಕಾನ್ಫಿಗರ್ ಮಾಡೋದು ಅಂದ್ರೆ ಪಿಸಿ ಕಡೆ ಅರ್ಥ ಇಷ್ಟೇ, ಲೋಹದಲ್ಲಿರೋ ಸೆಟ್ಟಿಂಗೂ ಫೈಲಲ್ಲಿರೋ ಸೆಟ್ಟಿಂಗೂ ಒಂದೇ ಇರೋ ಹಾಗೆ ನೋಡ್ಕೊಳೋದು. ವಿಂಡೋಸ್ 95 ಮೆಷಿನ್ ಆದ್ರೆ ಇನ್ನೊಂದು ಹೆಜ್ಜೆ, ಬಯೋಸಿಗೆ ಹೋಗಿ ಆ ಐಆರ್‌ಕ್ಯೂನ ಲೆಗಸಿ ಐಎಸ್‌ಎ ಅಂತ ಕಾಯ್ದಿರಿಸಿ, ಇಲ್ಲಾಂದ್ರೆ ಯಾವುದೋ ಪಿಸಿಐ (ಐಎಸ್‌ಎ ನಂತರದ ಸ್ಲಾಟು) ಕಾರ್ಡಿಗೆ ಅದನ್ನ ಕೊಟ್ಟುಬಿಡತ್ತೆ.

ಈಗ ಇನ್‌ಸ್ಟ್ರುಮೆಂಟ್ ಕಡೆ. ಇಲ್ಲಿ ಅಡ್ರೆಸ್ ಅಂದ್ರೆ 0ಯಿಂದ 30ರೊಳಗಿನ ಒಂದು ನಂಬರು, ಬಸ್ಸಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ. ಎಚ್‌ಪಿ 34401ಎ ಮಲ್ಟಿಮೀಟರು ಫ್ಯಾಕ್ಟರಿಯಿಂದ 22ರಲ್ಲಿ ಬರತ್ತೆ. ಕಾರ್ಡಿಗೂ ಈ ಬಸ್ಸಲ್ಲಿ ಒಂದು ಅಡ್ರೆಸ್ ಇರತ್ತೆ, ನ್ಯಾಷನಲ್‌ನವರದ್ದು 0, ಎಚ್‌ಪಿಯವರದ್ದು 21, ಮೀಟರಿಗೆ ಅದನ್ನ ಕೊಡ್ಬೇಡಿ. ಹಳೇ ಎಚ್‌ಪಿ ಬೇಸಿಕ್ ಪ್ರೋಗ್ರಾಮಲ್ಲಿ ಔಟ್‌ಪುಟ್ 722 ಅಂತ ಕಾಣತ್ತಲ್ಲ, ಅದು ಏಳುನೂರ ಇಪ್ಪತ್ತೆರಡಲ್ಲ, 7 ಅಂದ್ರೆ ಯಾವ ಕಾರ್ಡು, 22 ಅಂದ್ರೆ ಆ ಕಾರ್ಡಿನ ಬಸ್ಸಲ್ಲಿ ಯಾವ ಇನ್‌ಸ್ಟ್ರುಮೆಂಟು. ಹಿಂದೆ ಸ್ವಿಚ್ ಇರೋ ಹಳೇ ಇನ್‌ಸ್ಟ್ರುಮೆಂಟುಗಳಲ್ಲಿ ಬಹಳಷ್ಟು ಪವರ್ ಆನ್ ಆಗುವಾಗ ಮಾತ್ರ ಸ್ವಿಚ್ ಓದತ್ವೆ, ಹಂಗಾಗಿ ಅಡ್ರೆಸ್ ಬದಲಾಯಿಸಿದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡಿ.

ಬಸ್ಸಲ್ಲಿ ಡೇಟಾಗೆ 8 ಲೈನು, ಮ್ಯಾನೇಜ್‌ಮೆಂಟಿಗೆ 5, ಹ್ಯಾಂಡ್‌ಶೇಕಿಗೆ 3, ಉಳಿದ 8 ಗ್ರೌಂಡು. ಹ್ಯಾಂಡ್‌ಶೇಕ್ ಚೆಂದ ಇದೆ. ಹಂತಿಯಲ್ಲಿ ಕೂತೋರೆಲ್ಲ ಉಂಡು ಮುಗಿಸೋವರೆಗೂ ಯಾರೂ ಏಳದ ಹಾಗೆ, ಕೇಳ್ತಾ ಇರೋ ಎಲ್ಲಾ ಇನ್‌ಸ್ಟ್ರುಮೆಂಟೂ ಈ ಬೈಟ್ ತಗೊಂಡೆ ಅನ್ನೋವರೆಗೂ ಮುಂದಿನ ಬೈಟ್ ಹೋಗಲ್ಲ. ಅದಕ್ಕೇ ವೇಗದ ಅನಲೈಸರೂ ನಿಧಾನದ ಪ್ಲಾಟರೂ (ಪೆನ್ನಿನಿಂದ ಗ್ರಾಫ್ ಬರೆಯೋ ಯಂತ್ರ) ಒಂದೇ ಬಸ್ಸಲ್ಲಿ ಜಗಳ ಇಲ್ಲದೆ ಇರತ್ವೆ, ಡೇಟಾ ಕಳೆದುಹೋಗಲ್ಲ, ಆದ್ರೆ ಇಬ್ಬರೂ ಒಟ್ಟಿಗೆ ಕೇಳ್ತಿದ್ರೆ ವೇಗ ನಿಧಾನದವರದ್ದೇ. ಒಂದು ಬಸ್ಸಿಗೆ ಕಂಪ್ಯೂಟರೂ ಸೇರಿ 15, ಕೇಬಲ್ ಒಟ್ಟು 20 ಮೀಟರು ಅಥವಾ ಡಿವೈಸಿಗೆ 2 ಮೀಟರಿನ ಲೆಕ್ಕ, ಎರಡರಲ್ಲಿ ಯಾವುದು ಕಮ್ಮಿಯೋ ಅದು. ಎರಡೇ ಇನ್‌ಸ್ಟ್ರುಮೆಂಟೂ ಒಂದು ಪಿಸಿಯೂ ಇದ್ರೆ 6 ಮೀಟರೇ ಮಿತಿ, 20 ಅಲ್ಲ, ಇದನ್ನ ಬಹಳ ಜನ ಗಮನಿಸಲ್ಲ. ಕನೆಕ್ಟರಿನ ಸ್ಕ್ರೂ ಕಪ್ಪು ಇದ್ರೆ ಮೆಟ್ರಿಕ್, ಬೆಳ್ಳಿ ಬಣ್ಣ ಇದ್ರೆ ಹಳೇ ಇಂಚಿನ ದಾರ, ಒಂದರ ಮೇಲೊಂದು ಬಲವಂತ ಮಾಡಿದ್ರೆ ದಾರ ಹರಿಯತ್ತೆ. ಆಮೇಲೆ ಬಸ್ಸಲ್ಲಿ ಸಿಸ್ಟಮ್ ಕಂಟ್ರೋಲರ್, ಅಂದ್ರೆ ಬಸ್ ನಡೆಸೋ ಯಜಮಾನ, ಒಬ್ಬರೇ ಇರ್ಬೇಕು, ಕೆಲವು ಹಳೇ ಅನಲೈಸರಿಗೆ ತಾನೇ ಪ್ಲಾಟರ್ ನಡೆಸೋ ಹುಚ್ಚು, ಮೆನುಗೆ ಹೋಗಿ ಅದನ್ನ ಸಾಮಾನ್ಯ ಡಿವೈಸ್ ಅಂತ ಬದಲಾಯಿಸಿ.

ಎರಡು ಮುಖದ ಲೆಕ್ಕ ನಿಜವಾಗಿ ಕೆಲಸಕ್ಕೆ ಬರೋದು ಎರರ್ ಬಂದಾಗ. ನ್ಯಾಷನಲ್ ಡ್ರೈವರಲ್ಲಿ ಎರರ್ 7, ಇಎನ್‌ಇಬಿ, ಬಂದ್ರೆ ಕಾರ್ಡೇ ಸಿಗ್ತಿಲ್ಲ ಅಂತ, ಇದು ಪೂರ್ತಿ ಪಿಸಿ ಕಡೆ ವಿಷಯ, ಮೀಟರನ್ನ ಮುಟ್ಟೋದೇ ಬೇಡ, ಸ್ವಿಚ್ಚಿಗೂ ಐಬಿಕಾನ್ಫಿಗೂ ತಾಳೆ ನೋಡಿ. ಎರರ್ 2, ಇಎನ್‌ಒಎಲ್, ಅಂದ್ರೆ ಕಾರ್ಡ್ ಚೆನ್ನಾಗಿದೆ, ಕೂಗಿದ್ರೆ ಬಸ್ಸಲ್ಲಿ ಯಾರೂ ಓಗೊಡ್ತಿಲ್ಲ, ಅಂದ್ರೆ ಕೇಬಲ್ಲು, ಮೀಟರ್ ಆಫ್ ಇರೋದು, ತಪ್ಪು ಅಡ್ರೆಸ್ಸು ಇವೇ. ಎರರ್ 6, ಇಎಬಿಒ, ಟೈಮ್ ಔಟು, ಇಲ್ಲಿ ಸಾಮಾನ್ಯವಾಗಿ ಎರಡೂ ಕಡೆ ಹಾರ್ಡ್‌ವೇರ್ ಸರಿಯಾಗೇ ಇರತ್ತೆ, ಮಾತುಕತೆ ತಪ್ಪಿರತ್ತೆ. ಪ್ರಶ್ನೆ ಕೇಳದೇ ಉತ್ತರ ಓದೋಕೆ ಹೋದ್ರೂ ಟೈಮ್ ಔಟ್, ಪ್ರಶ್ನೆಯ ಕೊನೇಲಿ ಮೀಟರ್ ಬಯಸೋ ಲೈನ್‌ಫೀಡ್ (ಸಾಲು ಮುಗೀತು ಅನ್ನೋ ಗುರುತು) ಕಳಿಸದಿದ್ರೂ ಟೈಮ್ ಔಟ್. ಈ ಸ್ಟ್ಯಾಂಡರ್ಡಿನ ಮುಂದಿನ ಭಾಗವಾದ 488.2 (1987) ಬಂದ ಮೇಲಿನ ಮೀಟರಾದ್ರೆ ನಕ್ಷತ್ರ ಚಿಹ್ನೆ, ಐಡಿಎನ್, ಪ್ರಶ್ನಾರ್ಥಕ ಚಿಹ್ನೆ ಇಷ್ಟನ್ನ ಕಳಿಸಿ ಓದಿದ್ರೆ ಕಂಪನಿ ಹೆಸರು, ಮಾಡೆಲ್ಲು ಎಲ್ಲಾ ಹೇಳತ್ತೆ. ಅದಕ್ಕಿಂತ ಹಳೇದಕ್ಕೆ ಅದು ಗೊತ್ತಿಲ್ಲ, ಸುಮ್ಮನೆ ಕೂರತ್ತೆ, ಕೆಟ್ಟಿದೆ ಅಂತ ಪಕ್ಕಕ್ಕಿಡಬೇಡಿ, ಅದರ ಮ್ಯಾನ್ಯುಯಲ್ಲಲ್ಲಿರೋ ಕಮಾಂಡೇ ಕೊಟ್ಟು ನೋಡಿ.

ಪಿಸಿಐ ಕಾರ್ಡುಗಳು ಬಂದ ಮೇಲೆ ಸ್ವಿಚ್ಚು ಜಂಪರಿನ ಕಾಟ ಹೋಯ್ತು, ಯುಎಸ್‌ಬಿ ಅಡಾಪ್ಟರ್ ಬಂದ ಮೇಲೆ ಕೇಸ್ ಬಿಚ್ಚೋದೂ ಹೋಯ್ತು, ಇನ್‌ಸ್ಟ್ರುಮೆಂಟ್ ಕಡೆಯ ಮುಖ ಮಾತ್ರ ಹಂಗೇ ಇದೆ, ಅದೇ 24 ಪಿನ್ನು ಅದೇ 22. ಹಂಗಾದ್ರೆ ಹಳೇ ಪಿಸಿ ಯಾಕೆ ಇಟ್ಕೋಬೇಕು ಅಂದ್ರೆ, ಕೆಲವು ಟೆಸ್ಟ್ ಪ್ರೋಗ್ರಾಮುಗಳು ಡ್ರೈವರನ್ನ ಕೇಳದೆ ಸೀದಾ ಕಾರ್ಡಿನ ರಿಜಿಸ್ಟರಿಗೇ ಬರೀತವೆ, 2ಇ1 ಥರದ ನಂಬರು ಪ್ರೋಗ್ರಾಮೊಳಗೇ ಬರೆದಿರತ್ತೆ, ಯುಎಸ್‌ಬಿ ಅಡಾಪ್ಟರಿಗೆ ಅಂಥ ಅಡ್ರೆಸ್ಸೇ ಇಲ್ಲ. ಹಂಗಾಗಿ ಮೆಷಿನ್ ಬದಲಾಯಿಸೋ ಮುಂಚೆ ಸೋರ್ಸ್ ಇದ್ರೆ ತೆಗೆದು ಅದರಲ್ಲಿ ಐಬಿರೈಟ್, ಐಬಿರೀಡ್ ಥರದ ಡ್ರೈವರ್ ಕರೆಗಳು ಇವೆಯಾ ಅಥವಾ ಬರೀ ಪೋರ್ಟ್ ನಂಬರಿಗೆ ಔಟ್, ಇನ್ ಮಾಡಿದಾರಾ ಅಂತ ನೋಡಿ. ಮೊದಲನೇದಾದ್ರೆ ಹೊಸ ಮೆಷಿನ್ನಿಗೆ ಸಾಗಿಸೋಕೆ ದಾರಿ ಇದೆ, ಎರಡನೇದಾದ್ರೆ ಆ ಐಎಸ್‌ಎ ಕಾರ್ಡಿಗೇ ಇನ್ನೊಂದು ಜೊತೆ ಹುಡುಕಿ ಇಟ್ಕೊಳಿ, ಕಾನ್ಫಿಗ್.ಸಿಸ್ ಮತ್ತೆ ಐಬಿಕಾನ್ಫ್ ಬರೆದ ಜಿಪಿಐಬಿ.ಕಾಮ್ ಎರಡರ ಕಾಪಿನೂ ಬೇರೆ ಕಡೆ ತೆಗೆದಿಡಿ, ಸೆಟ್ಟಿಂಗ್ ಎಲ್ಲಾ ಕೂತಿರೋದು ಅದರೊಳಗೇ.