ಮಾತಿನ ತುದಿಯ ಕೊಕ್ಕೆ

ಕೆಲವು ತಿಂಗಳ ಹಿಂದೆ, ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಒಂದು ಮೆಸೇಜ್ ಕಳಿಸಿದಳು. ‘ಮೇಡಂ, ಆ ಫೈಲ್ ಸೋಮವಾರವೇ ಕಳಿಸಿದ್ದೆ?’ ಐದು ಪದ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಮುಂದೆ ಏನೂ ಇಲ್ಲ.

ನಾನು ಅದನ್ನು ಮೂರು ಸಲ ಓದಿದೆ. ಕಳಿಸಿದ್ದು ಹೌದೋ ಅಲ್ಲವೋ ಅಂತ ಅವಳಿಗೇ ಮರೆತುಹೋಗಿದೆಯಾ? ಹಾಗಿದ್ದರೆ ‘ಕಳಿಸಿದ್ನಾ?’ ಅಂತ ಬರೆಯುತ್ತಿದ್ದಳು. ಇಲ್ಲಾ, ‘ನಾನು ಸೋಮವಾರವೇ ಕಳಿಸಿದೆ, ನೀವೇ ನೋಡಿಲ್ಲ’ ಅಂತ ಕೊಕ್ಕೆ ಹಾಕ್ತಿದ್ದಾಳಾ? ಎರಡನೆಯದೇ ಇರಬೇಕು ಅನ್ನಿಸಿತು. ಸ್ವಲ್ಪ ಬೇಜಾರೂ ಆಯಿತು. ‘ನೋಡ್ತೀನಿ.’ ಅಂತ ಬರೆದು, ಚುಕ್ಕಿ ಇಟ್ಟು, ಫೋನ್ ಪಕ್ಕಕ್ಕಿಟ್ಟೆ.

ಸಂಜೆ ಅವಳೇ ಎದುರಿಗೆ ಬಂದು ನಿಂತಳು. ಅದೇ ವಾಕ್ಯವನ್ನು ಬಾಯಲ್ಲಿ ಹೇಳಿದಳು. ‘ಮೇಡಂ, ಆ ಫೈಲ್ ಸೋಮವಾರವೇ ಕಳಿಸಿದ್ದೆ...’ ಕೊನೆಯ ‘ದ್ದೆ’ ಬರುವಾಗ ದನಿ ಮೆಲ್ಲಗೆ ಮೇಲಕ್ಕೆ ಹೋಯಿತು. ಹುಬ್ಬೂ ಜೊತೆಗೇ ಮೇಲೆ ಹೋಯಿತು. ಅಲ್ಲೇ ಒಂದು ಕ್ಷಣ ನಿಂತು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಮೇಲೆ ಮುಂದುವರಿಸಿದಳು: ‘ಅದರ ಮೂರನೇ ಪುಟದಲ್ಲಿ ಒಂದು ಅಂಕಿ ತಪ್ಪಾಗಿದೆ.’

ಇಷ್ಟೇ ವಿಷಯ. ಅವಳು ಏನನ್ನೂ ಕೇಳುತ್ತಿರಲಿಲ್ಲ, ಆಕ್ಷೇಪಣೆಯೂ ಇರಲಿಲ್ಲ. ‘ಯಾವ ಫೈಲ್ ಅಂತ ನೆನಪಾಯ್ತು ಅಲ್ವಾ? ಹಾಗಾದ್ರೆ ಮುಂದೆ ಹೇಳ್ತೀನಿ’ ಅನ್ನೋದಷ್ಟೇ ಅದರ ಅರ್ಥ. ಅಂದಿನಿಂದ ಈ ಚಿಹ್ನೆ ನನ್ನನ್ನು ಬಿಟ್ಟಿಲ್ಲ.

ಮೊದಲು ಒಂದು ಮಾತು. ಹೌದು ಅಥವಾ ಇಲ್ಲ ಅನ್ನುವ ಉತ್ತರ ಬೇಡುವ ಪ್ರಶ್ನೆಗೆ ಕನ್ನಡದಲ್ಲಿ ಈ ಚಿಹ್ನೆ ನಿಜವಾಗಿ ಬೇಕಾಗಿಯೇ ಇಲ್ಲ. ‘ಬಂದರು’ ಅಂದರೆ ಹೇಳಿಕೆ. ‘ಬಂದರಾ’ ಅಂದರೆ ಪ್ರಶ್ನೆ. ಕೊನೆಯ ಒಂದು ಆಕಾರವೇ ಎಲ್ಲ ಕೆಲಸ ಮುಗಿಸುತ್ತದೆ. ಜಗತ್ತಿನ ಬಹಳಷ್ಟು ಭಾಷೆಗಳದ್ದೂ ಇದೇ ಥರದ ಕಥೆ. ಭಾಷಾವಿಜ್ಞಾನಿ ಮ್ಯಾಥ್ಯೂ ಡ್ರೈಯರ್ 955 ಭಾಷೆಗಳನ್ನು ಹೋಲಿಸಿ ನೋಡಿದ್ದಾರೆ. 585 ಭಾಷೆಗಳು ಪ್ರಶ್ನೆಗೆಂದೇ ಒಂದು ಸಣ್ಣ ಪದವನ್ನೋ ಪ್ರತ್ಯಯವನ್ನೋ ಇಟ್ಟುಕೊಂಡಿವೆ. ಇನ್ನೂ 164 ಭಾಷೆಗಳಲ್ಲಿ ಕ್ರಿಯಾಪದದ ರೂಪವೇ ಬದಲಾಗುತ್ತದೆ. ಬರೀ ದನಿಯ ಏರಿಳಿತದಿಂದಲೇ ಪ್ರಶ್ನೆ ಮಾಡುವ ಭಾಷೆಗಳು 173. ಇಂಗ್ಲಿಷಿನ ಹಾಗೆ ಪದಗಳ ಜಾಗ ಬದಲಿಸಿ ಪ್ರಶ್ನೆ ಮಾಡುವವು ಕೇವಲ 13.

ಹಾಗಾದರೆ ಈ ಚಿಹ್ನೆ ಹುಟ್ಟಿದ್ದು ಯಾತಕ್ಕೆ? ಇದರ ಹಳೆಯ ಬಂಧುಗಳಲ್ಲಿ ಒಂದು ಪಶ್ಚಿಮ ಏಷ್ಯಾದ ಹಳೆಯ ಭಾಷೆಯಾದ ಸಿರಿಯಾಕ್‌ನ ಹಸ್ತಪ್ರತಿಗಳಲ್ಲಿದೆ. 5ನೇ ಶತಮಾನದಿಂದ ಈಚೆಗಿನ ಬೈಬಲ್ ಪ್ರತಿಗಳಲ್ಲಿ, ಕೆಲವು ವಾಕ್ಯಗಳ ಆರಂಭದಲ್ಲಿ ಒಂದರ ಮೇಲೊಂದು ಎರಡು ಚುಕ್ಕಿ ಕಾಣುತ್ತವೆ. ಅವು ಪ್ರಶ್ನೆಯ ಗುರುತು ಎಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಚಿಪ್ ಕೋಕ್ಲಿ 2011ರಲ್ಲಿ ಹೇಳಿದರು. ನನಗೆ ತುಂಬ ಇಷ್ಟವಾದ ಸಂಗತಿ ಮುಂದಿದೆ. ಯಾರು, ಏನು, ಯಾಕೆ ಎಂಬಂಥ ಪದ ಇದ್ದಲ್ಲಿ ಆ ಚುಕ್ಕಿಗಳನ್ನು ಇಡುತ್ತಿರಲಿಲ್ಲ. ಪದಗಳಿಂದಲೇ ಪ್ರಶ್ನೆ ಎಂದು ಗೊತ್ತಾಗದೆ, ದನಿ ಎತ್ತಿ ಓದಬೇಕಾದ ಕಡೆ ಮಾತ್ರ ಇಡುತ್ತಿದ್ದರು. ಅಂದರೆ ಅದು ಗಟ್ಟಿಯಾಗಿ ಓದುವವರ ಗಂಟಲಿಗೆ ಕೊಟ್ಟ ಸೂಚನೆ. ಅರ್ಮೇನಿಯನ್ ಬರಹದಲ್ಲಿ ಇಂದಿಗೂ ಪ್ರಶ್ನೆಯ ಗುರುತು ವಾಕ್ಯದ ಕೊನೆಯಲ್ಲಿ ಬರುವುದಿಲ್ಲ. ದನಿ ಎಲ್ಲಿ ಏರಬೇಕೋ ಆ ಪದದ ಸ್ವರದ ಮೇಲೆಯೇ ಬರುತ್ತದೆ. ಯುರೋಪಿನಲ್ಲಿ 8ನೇ ಶತಮಾನದ ಹೊತ್ತಿಗೆ, ಶಾರ್ಲಮೇನ್ ದೊರೆಯ ಕಾಲದ ಹಸ್ತಪ್ರತಿಗಳಲ್ಲಿ, ಒಂದು ಚುಕ್ಕಿ ಮತ್ತು ಅದರ ಮೇಲೆ ಬಲಕ್ಕೆ ಏರುವ ಅಲೆಯಂಥ ಗೆರೆ ಬಂತು. ಆ ಗೆರೆಯ ಆಕಾರ ನೋಡಿದರೆ ದನಿ ಏರುವುದು ಕಣ್ಣಿಗೇ ಕಾಣುತ್ತದೆ.

ವ್ಯಾಕರಣದ ಪಾಠದಲ್ಲಿ ನಾವು ಈ ಚಿಹ್ನೆಯನ್ನು ‘ಪ್ರಶ್ನೆಯ ಕೊನೆಗೆ ಹಾಕುವುದು’ ಅಂತ ಕಲಿತೆವು. ಅದು ಪೂರ್ತಿ ಕಥೆ ಅಲ್ಲ. ಇದಕ್ಕೆ ದನಿಯ ಗುರುತಾಗಿ ಬಾಳಿದ ಇತಿಹಾಸವೂ ಇದೆ. ಫೋನಿನಲ್ಲಿ ಹರಟುವ ಹುಡುಗ ಹುಡುಗಿಯರು ಅದನ್ನು ಮತ್ತೆ ಅದೇ ಕೆಲಸಕ್ಕೆ ಹಚ್ಚಿದ್ದಾರೆ.

ದನಿ ಏರುವುದಕ್ಕೆ ಯಾಕೆ ಇಷ್ಟು ಬೆಲೆ? ಇದು ಉಸಿರಿನ ವಿಷಯ. ಮಾತು ಶುರುವಾಗುವಾಗ ಶ್ವಾಸಕೋಶದಲ್ಲಿ ಗಾಳಿಯ ಒತ್ತಡ ಚೆನ್ನಾಗಿರುತ್ತದೆ. ವಾಕ್ಯ ಮುಗಿಯುವ ಹೊತ್ತಿಗೆ ಅದು ಇಳಿಯುತ್ತದೆ, ಜೊತೆಗೆ ದನಿಯೂ ಇಳಿಯುತ್ತದೆ. ಸುಮ್ನೆ ಬಿಟ್ಟರೆ ಮಾತು ಕೆಳಗೇ ಬಂದು ಕೂರುತ್ತದೆ. ಕೊನೆಯಲ್ಲಿ ಏರಿಸಬೇಕು ಅಂದರೆ ಗಂಟಲಿನ ಒಂದು ಪುಟ್ಟ ಸ್ನಾಯು ಧ್ವನಿತಂತುಗಳನ್ನು ಎಳೆದು ಬಿಗಿ ಮಾಡಬೇಕು. ಇಳಿಯುವುದು ತಾನಾಗಿ ಆಗುತ್ತದೆ, ಏರಿಸುವುದಕ್ಕೆ ಕೆಲಸ ಮಾಡಬೇಕು. ಹಾಗಾಗಿ ಇಳಿದ ದನಿ ‘ಮುಗೀತು’ ಅನ್ನುತ್ತದೆ, ಏರಿದ ದನಿ ‘ಇನ್ನೂ ಇದೆ’ ಅನ್ನುತ್ತದೆ.

ಇದಕ್ಕೆ ಇನ್ನೊಂದು ವಿವರಣೆಯನ್ನು 1980ರ ದಶಕದಲ್ಲಿ ಭಾಷಾವಿಜ್ಞಾನಿ ಜಾನ್ ಒಹಾಲಾ ಕೊಟ್ಟರು. ದೊಡ್ಡ ಪ್ರಾಣಿಗಳ ದನಿ ದಪ್ಪ, ಚಿಕ್ಕ ಪ್ರಾಣಿಗಳ ದನಿ ಸಣ್ಣ. ಜಗಳಕ್ಕೆ ನಿಂತ ನಾಯಿ ಗುರ್ ಎನ್ನುತ್ತದೆ, ಶರಣಾದ ನಾಯಿ ಕುಂಯ್‌ಗುಡುತ್ತದೆ. ಅದೇ ರೀತಿ ಮನುಷ್ಯನೂ ಇನ್ನೊಬ್ಬರಿಂದ ಏನಾದರೂ ಬೇಕಾದಾಗ, ಉತ್ತರವೋ ಸಹಾಯವೋ, ದನಿಯನ್ನು ಎತ್ತರಿಸಿ ಚಿಕ್ಕವನಾಗುತ್ತಾನೆ ಎಂಬುದು ಅವರ ವಾದ. ಚೆಂದದ ವಾದವೇ. ಆದರೆ ಪ್ರಶ್ನೆ ಕೇಳುವಾಗ ದನಿ ಏರದೇ ಇಳಿಯುವ ಭಾಷೆಗಳು ಆಫ್ರಿಕಾದಲ್ಲಿ ಬೇಕಾದಷ್ಟಿವೆ. ಹಾಗಾಗಿ ಇದನ್ನು ಎಲ್ಲ ಭಾಷೆಗೂ ಅನ್ವಯಿಸುವ ನಿಯಮ ಅಂತ ನಾನು ಒಪ್ಪುವುದಿಲ್ಲ.

ಈ ‘ಚಿಕ್ಕವರಾಗುವ’ ಮಾತಿನಿಂದ ಒಂದು ಅನ್ಯಾಯವೂ ನಡೆದಿದೆ. ಹೇಳಿಕೆಯ ಕೊನೆಗೆ ದನಿ ಏರಿಸುವವರಿಗೆ ಆತ್ಮವಿಶ್ವಾಸ ಇಲ್ಲ, ಅದೂ ಹೆಂಗಸರು ಹೀಗೆ ಮಾಡೋದು ಜಾಸ್ತಿ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. 1970ರ ದಶಕದಲ್ಲಿ ಅಮೆರಿಕದ ಭಾಷಾವಿಜ್ಞಾನಿ ರಾಬಿನ್ ಲೇಕಾಫ್ ಇದನ್ನು ಹೆಂಗಸರ ಇಂಗ್ಲಿಷಿನ ಲಕ್ಷಣಗಳಲ್ಲಿ ಒಂದಾಗಿ ಗುರುತಿಸಿದರು. ‘ಊಟ ಯಾವಾಗ?’ ಅಂತ ಕೇಳಿದರೆ, ಉತ್ತರ ಗೊತ್ತಿದ್ದವರೇ ‘ಸುಮಾರು ಆರು ಗಂಟೆಗೆ?’ ಅಂತ ಹೇಳುವ ರೀತಿ ಅದು. 1993ರಲ್ಲಿ ಜೇಮ್ಸ್ ಗೋರ್ಮನ್ ಎಂಬ ಪತ್ರಕರ್ತರು ಪತ್ರಿಕೆಯೊಂದರಲ್ಲಿ ಇದನ್ನು ‘ಅಪ್‌ಟಾಕ್’ ಎಂದು ಕರೆದರು. ಹೆಸರು ಅಂಟಿಕೊಂಡಿತು, ಗದರಿಕೆಯೂ ಅಂಟಿಕೊಂಡಿತು. ‘ಹಾಗೆ ಮಾತಾಡಬೇಡ, ಯಾರೂ ನಿನ್ನನ್ನು ನಂಬಲ್ಲ’ ಅಂತ.

ಆದರೆ ಜನ ಮಾತಾಡಿದ್ದನ್ನು ಕೂತು ಕೇಳಿದವರಿಗೆ ಸಿಕ್ಕಿದ್ದೇ ಬೇರೆ. ಗ್ರೆಗರಿ ಗೈ, ಬಾರ್ಬರಾ ಹೊರ್ವಾತ್ ಮತ್ತು ಅವರ ಸಂಗಡಿಗರು ಸಿಡ್ನಿಯ ಜನರ ಸಂದರ್ಶನಗಳನ್ನು ಪರೀಕ್ಷಿಸಿ 1986ರಲ್ಲಿ ಪ್ರಕಟಿಸಿದರು. ಏರುದನಿ ಜಾಸ್ತಿ ಬಂದದ್ದು ಅಭಿಪ್ರಾಯ ಹೇಳುವಾಗ ಅಲ್ಲ. ಕಥೆ ಹೇಳುವಾಗ, ಏನನ್ನಾದರೂ ವರ್ಣಿಸುವಾಗ. ಬರೀ ಅನುಮಾನವೇ ಕಾರಣವಾಗಿದ್ದರೆ ಇದು ಉಲ್ಟಾ ಇರಬೇಕಿತ್ತು ಅಲ್ವಾ? ತನಗೇ ಆದ ಘಟನೆಯ ಬಗ್ಗೆ ಯಾರಿಗೆ ಅನುಮಾನ? ಉದ್ದದ ಕಥೆ ಹೇಳುವವರಿಗೆ ಬೇರೆಯದೇ ಚಿಂತೆ. ಎದುರಿಗಿರುವವರು ಜೊತೆಗೆ ಬರ್ತಿದ್ದಾರಾ, ದಾರಿ ತಪ್ಪಿದ್ದಾರಾ? ಅದಕ್ಕೇ ಒಂದೊಂದು ತಿರುವಿನಲ್ಲಿ ದನಿ ಏರಿಸಿ, ಒಂದು ‘ಹೂಂ’ ಪಡೆದು, ಮುಂದೆ ಹೋಗುತ್ತಾರೆ. ಹಾಂಕಾಂಗ್‌ನ ಸಂಭಾಷಣೆಗಳನ್ನು ನೋಡಿದ ಇನ್ನೊಂದು ಅಧ್ಯಯನದಲ್ಲಿ, ಸಭೆಗಳಲ್ಲಿ ದನಿ ಏರಿಸುವವರು ಹೆಚ್ಚಾಗಿ ಸಭೆ ನಡೆಸುವವರೇ, ಅಧಿಕಾರ ಇರುವವರೇ ಎಂದು ಕಂಡುಬಂತು.

ಹಾಗಂತ ಅನುಮಾನದ ಪಾಲೇ ಇಲ್ಲ ಎನ್ನಲಾಗದು. ಅಮೆರಿಕದ ‘ಜೆಪರ್ಡಿ’ ಎಂಬ ಟಿವಿ ರಸಪ್ರಶ್ನೆ ಕಾರ್ಯಕ್ರಮದ 100 ಕಂತುಗಳನ್ನು ಸಮಾಜವಿಜ್ಞಾನಿ ಥಾಮಸ್ ಲಿನ್ನೆಮನ್ ಪರೀಕ್ಷಿಸಿದರು. 300 ಸ್ಪರ್ಧಿಗಳು, ಸುಮಾರು 5,500 ಉತ್ತರಗಳು. 2013ರಲ್ಲಿ ಬಂದ ಅವರ ಲೇಖನದ ಪ್ರಕಾರ ಉತ್ತರ ತಪ್ಪಾಗಿದ್ದಾಗ ದನಿ ಏರುವುದು ಹೆಚ್ಚು. ಅಲ್ಲಿ ಅನುಮಾನ ಇದೆ, ನಿಜ. ಆದರೆ ಮುಂದಿನದನ್ನು ನೋಡಿ. ಗಂಡಸರು ಅಂಕಗಳಲ್ಲಿ ಮುಂದೆ ಹೋದಷ್ಟೂ ದನಿ ಏರಿಸುವುದು ಕಡಿಮೆಯಾಯಿತು. ಹೆಂಗಸರಲ್ಲಿ ಜಾಸ್ತಿಯಾಯಿತು. ಗೆಲ್ಲುತ್ತಿರುವ ಹೆಂಗಸು ತನ್ನ ಉತ್ತರದ ಬಗ್ಗೆ ಅನುಮಾನ ಪಡುತ್ತಿರಲಾರಳು. ಗೆದ್ದರೆ ಸುತ್ತಲಿನವರು ಏನಂದುಕೊಳ್ಳುತ್ತಾರೋ ಅಂತ ಅಳೆಯುತ್ತಿರಬೇಕು. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಗೆಲುವನ್ನೂ ಮೆದು ಮಾಡಿ ಒಪ್ಪಿಸಬೇಕಾದ ಸ್ಥಿತಿ ಅದು.

ಈಗ ಬರವಣಿಗೆಗೆ ವಾಪಸ್ ಬರೋಣ. ಕಿವಿಗೆ ಇರುವ ಒಂದು ಅನುಕೂಲ ಕಣ್ಣಿಗೆ ಇಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕ ಯುವತಿಯರ ಮಾತನ್ನು ಅಮಾಂಡಾ ರಿಚರ್ಟ್ ಮತ್ತು ಅಮಾಲಿಯಾ ಅರ್ವಾನಿತಿ ಅಳೆದು ನೋಡಿದಾಗ, ನಿಜವಾದ ಪ್ರಶ್ನೆಯಲ್ಲಿ ದನಿ ಬೇಗ ಏರಲು ಶುರುವಾಗುತ್ತದೆ, ಹೇಳಿಕೆಯಲ್ಲಿ ತಡವಾಗಿ ಏರುತ್ತದೆ ಎಂದು ಗೊತ್ತಾಯಿತು. ಅಂದರೆ ಎರಡೂ ಏರುಗಳು ಒಂದೇ ಅಲ್ಲ. ಆದರೆ ಕಾಗದದ ಮೇಲೆ, ಪರದೆಯ ಮೇಲೆ ಎರಡಕ್ಕೂ ಇರುವುದು ಒಂದೇ ಕೊಕ್ಕೆ, ಈ ಪ್ರಶ್ನಾರ್ಥಕ ಚಿಹ್ನೆ. ಓದುವವರು ತಮ್ಮ ಮನಸ್ಸಿನೊಳಗೇ ದನಿ ಹುಟ್ಟಿಸಿಕೊಳ್ಳಬೇಕು. ಹುಟ್ಟಿಸಿಕೊಳ್ಳುತ್ತಾರೆ ಕೂಡ. ಕಥೆಯ ಪಾತ್ರಗಳ ನೇರ ಮಾತನ್ನು ಮನಸ್ಸಿನಲ್ಲೇ ಓದುವಾಗಲೂ, ದನಿಗಳನ್ನು ಗುರುತಿಸುವ ಮಿದುಳಿನ ಭಾಗಗಳು ಚುರುಕಾಗುವುದನ್ನು ಗ್ಲಾಸ್ಗೋದ ಸಂಶೋಧಕರು 2011ರಲ್ಲಿ ತೋರಿಸಿದರು. ತೊಂದರೆ ಏನೆಂದರೆ, ಬರೆದವರ ದನಿಯೇ ನಮಗೆ ಕೇಳಿಸುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಮೇಲ್‌ನಲ್ಲಿ ಬರೆದದ್ದು ವ್ಯಂಗ್ಯವೋ ನಿಜವೋ ಎಂದು ಓದುಗರಿಗೆ 78 ಶೇಕಡಾ ಸಲ ಗೊತ್ತಾಗುತ್ತದೆ ಎಂದು ಬರೆದವರು ಅಂದುಕೊಂಡಿದ್ದರು. ಗೊತ್ತಾದದ್ದು 56 ಶೇಕಡಾ. ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತದೆ.

ಚುಕ್ಕಿಯ ಕಥೆಯೂ ಹೀಗೇ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ 126 ವಿದ್ಯಾರ್ಥಿಗಳಿಗೆ ಒಂದೇ ಪದದ ಉತ್ತರಗಳಿದ್ದ ಮೆಸೇಜ್‌ಗಳನ್ನು ತೋರಿಸಿದರು. ಪೂರ್ಣವಿರಾಮ ಇದ್ದ ಉತ್ತರ ಅಷ್ಟು ಮನಸಾರೆ ಹೇಳಿದ್ದಲ್ಲ ಅಂತ ಅವರಿಗೆ ಅನ್ನಿಸಿತು. ಅದೇ ಉತ್ತರಗಳನ್ನು ಕೈಬರಹದ ಚೀಟಿಯಲ್ಲಿ ತೋರಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಮೆಸೇಜ್‌ನಲ್ಲಿ ವಾಕ್ಯ ಮುಗಿದದ್ದು ಕಳಿಸು ಬಟನ್ ಒತ್ತಿದಾಗಲೇ ಗೊತ್ತಾಗುತ್ತದೆ. ಹಾಗಾಗಿ ಚುಕ್ಕಿಗೆ ಆ ಕೆಲಸ ಉಳಿದಿಲ್ಲ. ಕೆಲಸ ಕಳೆದುಕೊಂಡ ಚುಕ್ಕಿ ಇಳಿದ ದನಿಯ ಗುರುತಾಗಿದೆ. ನನ್ನ ‘ನೋಡ್ತೀನಿ.’ ಓದಿ ಆ ಹುಡುಗಿ ಇಡೀ ಮಧ್ಯಾಹ್ನ ಹೆದರಿಕೊಂಡೇ ಇದ್ದಳಂತೆ. ಆಮೇಲೆ ಅವಳೇ ಹೇಳಿದಳು.

ಇಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಒಂದು ಅದೃಷ್ಟ ಇದೆ, ನಾವು ಅದನ್ನು ಗಮನಿಸಿಯೇ ಇಲ್ಲ. ನಿಜವಾದ ಪ್ರಶ್ನೆಗೆ ನಮ್ಮಲ್ಲಿ ‘ಆ’ ಇದೆ: ‘ಕಳಿಸಿದ್ನಾ?’ ಹಾಗಾದರೆ ‘ಆ’ ಇಲ್ಲದ ‘ಕಳಿಸಿದ್ದೆ?’ ಸುಮ್ನೆ ಒಂದು ಪ್ರಶ್ನೆ ಆಗಲಾರದು. ವ್ಯಾಕರಣ ‘ಇದು ಹೇಳಿಕೆ’ ಅನ್ನುತ್ತದೆ, ಚಿಹ್ನೆ ‘ನಿಮ್ಮ ಕಡೆಯಿಂದ ಒಂದು ಹೂಂ ಬೇಕು’ ಅನ್ನುತ್ತದೆ. ಆಡುವಾಗ ಕಿವಿ ಮಾಡುವ ಭೇದವನ್ನು ಕನ್ನಡದಲ್ಲಿ ಬರವಣಿಗೆಯಲ್ಲೇ ಮಾಡಬಹುದು. ಅದೂ ಸಾಲದಿದ್ದರೆ ‘ಅಲ್ವಾ’ ಇದೆ, ‘ಅನ್ಸುತ್ತೆ’ ಇದೆ, ‘ಏನೋ’ ಇದೆ. ಒಪ್ಪಿಗೆ ಬೇಕಾದರೆ ‘ಕಳಿಸಿದ್ದೆ ಅಲ್ವಾ’. ನಿಜವಾಗಿ ಅನುಮಾನ ಇದ್ದರೆ ‘ಕಳಿಸಿದ್ದೆ ಅನ್ಸುತ್ತೆ’. ಕೆಲಸದ ವಿಷಯ, ಅದೂ ಹೊಸಬರ ಜೊತೆ ಆದರೆ, ನಾನು ಬರೀ ಕೊಕ್ಕೆಯನ್ನು ನೆಚ್ಚದೆ ಈ ಪದಗಳನ್ನೇ ಹಾಕುತ್ತೇನೆ.

ಒಂದೇ ಕಡೆ ಈ ಅದೃಷ್ಟ ಕೈಕೊಡುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡುವಾಗ ದೀರ್ಘವೆಲ್ಲ ಹ್ರಸ್ವವಾಗಿ ಹೋಗುತ್ತದೆ. ‘ಬರ್ತೀಯ’ ಮತ್ತು ‘ಬರ್ತೀಯಾ’ ಕಣ್ಣಿಗೆ ಒಂದೇ. ಆಗ ಪ್ರಶ್ನೆಯನ್ನು ಉಳಿಸುವುದು ಕೊಕ್ಕೆ ಮಾತ್ರ. ಸಿರಿಯಾಕ್ ಲಿಪಿಕಾರರು ಎರಡು ಚುಕ್ಕಿ ಇಟ್ಟದ್ದೂ ಇಂಥದೇ ಇಕ್ಕಟ್ಟಿಗೆ.

ಮೊನ್ನೆ ಅದೇ ಹುಡುಗಿಗೆ ನಾನು ಬರೆದೆ: ‘ನಿನ್ನೆ ಒಂದು ಪಟ್ಟಿ ಕಳಿಸಿದ್ದೆ?’ ಬೆರಳು ಕಳಿಸು ಬಟನ್ ಮೇಲೆ ಒಂದು ಕ್ಷಣ ನಿಂತಿತು. ಆದರೂ ಒತ್ತಿದೆ. ಅರ್ಧ ನಿಮಿಷ ಆಗಿರಲಿಲ್ಲ, ಉತ್ತರ ಬಂತು. ‘ಹೂಂ ಮೇಡಂ, ಹೇಳಿ’